ಹಳದಿಯ ಜಾಗ

ಕಮಲಾಪುರ ಸ್ಟೇಷನ್ನಿನ ಹೊರಗೆ ಬಾಳೆಹಣ್ಣು ಮಾರುವ ಸಾಬಮ್ಮನ ಮುಂದೆ ನಿಂತು, ಹಸಿರು ಕಾಯಿಗಳ ಕಡೆ ಕೈ ತೋರಿಸಿ ಝಹೀರ್ "ಕೆಂಬಾಳಿ ಒಂದ್ ಡಜನ್ ಕೊಡವ್ವ" ಎಂದಾಗ ಮಲ್ಲಿಕಾ ಜೋರಾಗಿ ನಕ್ಕಿದ್ದಳು.

"ಯಪ್ಪಾ, ಕೆಂಪು ಈ ಕಡಿ ಅವ" ಎಂದಳು ಸಾಬಮ್ಮ. "ಅವು ಒಯ್ದು ಪಲ್ಯಾ ಮಾಡ್ತಿಯೇನ?"

ಝಹೀರ್ ನಗಲಿಲ್ಲ. ಅವಳು ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಪ್ಲಾಟ್‌ಫಾರ್ಮಿಗೆ ನಡೆದ. ಕಲಬುರಗಿಯ ಗಾಡಿ ಹೊರಟು ಬಹಳ ಹೊತ್ತಾದ ಮೇಲೆ, ಕಿಟಕಿಯ ಆಚೆ ನೋಡುತ್ತಲೇ ಅವಳಿಗೆ ಎಲ್ಲ ಹೇಳಿದ.

ಇಬ್ಬರೂ ರೈಲ್ವೆ ಸಿಗ್ನಲ್ ವಿಭಾಗದಲ್ಲಿ ತರಬೇತಿಯ ಜೂನಿಯರ್ ಇಂಜಿನಿಯರುಗಳು, ಒಂದೇ ಬ್ಯಾಚಿನವರು. ತರಬೇತಿ ಕೇಂದ್ರದ ಹಾಸ್ಟೆಲಿನಲ್ಲಿದ್ದಾಗಲೇ ಅವನಿಗೆ ಕ್ಷಯ ತಗುಲಿತ್ತು. ರಜೆ ಹಾಕಿದರೆ ಬ್ಯಾಚು ತಪ್ಪುತ್ತದೆ, ಬ್ಯಾಚು ತಪ್ಪಿದರೆ ಹಿರಿತನ ಹೋಗುತ್ತದೆ ಎಂದು ಯಾರಿಗೂ ಹೇಳದೆ ಗುಳಿಗೆ ನುಂಗಿದ. ಕೆಮ್ಮು ನಿಂತಿತು. ಅದರ ಜೊತೆಗೆ ಬಣ್ಣಗಳೂ ಹೋದವು. ಆ ಗುಳಿಗೆಗಳಲ್ಲಿ ಒಂದು ಕೆಲವರ ಕಣ್ಣಿನ ನರಕ್ಕೆ ತಾಗುತ್ತದೆ, ಬಿಟ್ಟ ಮೇಲೆ ಬಹಳ ಮಂದಿಗೆ ಬಣ್ಣ ಮರಳುತ್ತದೆ ಎಂದು ಕಲಬುರಗಿಯ ರೋಜಾ ಬಡಾವಣೆಯ ಡಾಕ್ಟರು ಹೇಳಿದ್ದರು. ಗುಳಿಗೆ ಬಿಟ್ಟಾಗಿತ್ತು. ಬಣ್ಣ ಮರಳಿರಲಿಲ್ಲ.

"ಹಳದಿ, ಹಸಿರು ಎರಡೂ ಸುಣ್ಣದ ನೀರಿನಂಗ ಕಾಣ್ತಾವ" ಎಂದ. "ಕೆಂಪು ಅಂದ್ರ ಜರಾ ಮಂಕು. ಅಷ್ಟೇ ಫರಕು."

ಮೋಮಿನಪುರದ ಅವನ ಮನೆ ಮಲ್ಲಿಕಾಗೆ ಗೊತ್ತಿತ್ತು. ಹೊಲಿಗೆ ಯಂತ್ರ ರಿಪೇರಿ ಮಾಡುವ ತಂದೆ, ಬಂದವರಿಗೆಲ್ಲ "ನಮ್ಮ ಭಾಯಿ ರೈಲ್ವೆ ಇಂಜಿನಿಯರ್" ಎಂದು ಚಹಾಕ್ಕಿಂತ ಮೊದಲು ಅದನ್ನೇ ಬಡಿಸುವ ತಂಗಿ ಅಲ್ಫಿಯಾ. ಮಲ್ಲಿಕಾ ಸುಮ್ಮನಿರಲಾರದೆ ಹೇಳಿದಳು:

"ಮೂರು ದೀಪದ ಕಂಬದಾಗ ಕೆಂಪು ಕೆಳಗ, ಹಳದಿ ನಡುವ, ಹಸಿರು ಮ್ಯಾಲ. ಬಣ್ಣ ಯಾಕ ಬೇಕು? ಜಾಗ ನೋಡಿ ಹೇಳು. ಜಾಗ ಯಾರ್ ಬದಲಿ ಮಾಡ್ತಾರ?"

ಅವನು ಮೊದಲ ಸಲ ಅವಳ ಕಡೆ ತಿರುಗಿದ. ಆ ಮುಖದಲ್ಲಿ ಕಂಡ ನೆಮ್ಮದಿ ಅವಳಿಗೆ ಹಿಡಿಸಲಿಲ್ಲ.

ಅಂದಿನಿಂದ ಕೇಬಲ್ ಜೋಡಿಸುವಾಗ ತಂತಿಗಳನ್ನು ಬಣ್ಣದ ಪ್ರಕಾರ ಬಿಡಿಸಿ ಅವನ ಕೈಗೆ ಕೊಡುವುದು ಅವಳ ಕೆಲಸವಾಯಿತು. ಅವರಿಗೆ ಕೆಲಸ ಕಲಿಸುತ್ತಿದ್ದ ಸೆಕ್ಷನ್ ಇಂಜಿನಿಯರ್ ಅಣವೀರಪ್ಪ ಅದನ್ನು ಬೇರೆ ರೀತಿ ತಿಳಿದರು. "ಏನೋ ಝಹೀರಾ, ಈಕಿ ತಂತಿ ಕೊಡಬೇಕು, ನೀ ಕಟ್ಟಬೇಕು. ಲಗ್ನದಾಗ ಬಾಸಿಂಗ ಕಟ್ಟಿದಂಗ ಆತಲ್ಲೋ!" ಎಂದು ನಗಾಡಿದರು. ಇಬ್ಬರೂ ನಕ್ಕರು.

ತರಬೇತಿಯ ಕೊನೆಯ ಪರೀಕ್ಷೆ ಕಮಲಾಪುರದಲ್ಲೇ ಇತ್ತು. ಅದರಲ್ಲಿ ಪಾಸಾದರೆ ಅರ್ಹತಾ ಪತ್ರ, ಅದು ಸಿಕ್ಕರೆ ಸ್ವಂತ ಸೆಕ್ಷನ್. ಮುಂದಿನ ಕಣ್ಣಿನ ತಪಾಸಣೆಗೆ ವರ್ಷಗಳಿದ್ದವು. ಅಷ್ಟರೊಳಗೆ ಬಣ್ಣ ಬಂದೇ ಬರುತ್ತದೆ ಎಂದು ಝಹೀರ್ ನಂಬಿದ್ದ. ಅವನು ದಾಟಬೇಕಾಗಿದ್ದದ್ದು ಇದೊಂದೇ ದಿನ.

ಬೀದರ್ ಕಡೆಯಿಂದ ಬರುವ ಗಾಡಿಗಳಿಗೆ ಸ್ಟೇಷನ್ನಿನ ಹೊರಗೆ ನಿಂತಿರುವ ಸಿಗ್ನಲ್ಲನ್ನು ಬೆಳಿಗ್ಗೆ ಕೆಲಸಕ್ಕೆಂದು ಬಳಕೆಯಿಂದ ಬಿಡಿಸಿಕೊಂಡರು. ಝಹೀರ್ ಏಣಿ ಹತ್ತಿ ಮೂರೂ ದೀಪಗಳನ್ನು ಕಳಚಿ ಇಳಿಸಬೇಕು, ಒರೆಸಿ ಮತ್ತೆ ಕೂಡಿಸಬೇಕು, ಆಮೇಲೆ ಹೊಂದಿಕೆ ನೋಡಬೇಕು. ಈಗಿನ ಎಲ್‌ಇಡಿ ದೀಪಗಳು ಆರಿದಾಗ ಒಂದೇ ಥರದ ಹೊಗೆಬಣ್ಣದ ತಟ್ಟೆಗಳು. ಯಾವ ಬಣ್ಣದ್ದೆಂದು ಬೆನ್ನಿಗೆ ಚೀಟಿ ಅಂಟಿಸಿರುತ್ತಾರೆ. ಕಮಲಾಪುರದ ಬಿಸಿಲಿಗೆ ಆ ಚೀಟಿಗಳು ಸುಟ್ಟು ಅಕ್ಷರ ಹೋಗಿದ್ದವು. ಸಂಶಯವಿದ್ದರೆ ಒಮ್ಮೆ ಹೊತ್ತಿಸಿ ನೋಡಿ ಕೂಡಿಸಬೇಕೆಂಬುದು ರೂಢಿ. ಸಹಾಯಕ ಭಾಗಪ್ಪ ಕೆಳಗೆ ಏಣಿ ಹಿಡಿದಿದ್ದ. ಮಲ್ಲಿಕಾ ಅಣವೀರಪ್ಪನವರ ಜೊತೆ ಸ್ಟೇಷನ್ನಿನ ಒಳಗೆ, ಸಿಗ್ನಲ್ ಹಾಕುವ ಪ್ಯಾನಲ್ಲಿನ ಮುಂದೆ ಇದ್ದಳು.

ಹೊಂದಿಕೆ ನೋಡುವುದಕ್ಕೆ ಒಂದು ಕ್ರಮವಿದೆ. ಪ್ಯಾನಲ್ಲಿನವರು ಯಾವ ಬಣ್ಣ ಹಾಕಿದ್ದೇವೆಂದು ಬಾಯಿ ಬಿಡಬಾರದು. ಕಂಬದ ಮುಂದಿರುವವನು ತನಗೆ ಕಂಡದ್ದನ್ನು ಫೋನಿನಲ್ಲಿ ಹೇಳಬೇಕು. ಎರಡೂ ಕೂಡಿದರೆ ಪ್ಯಾನಲ್ಲಿನವರು ಅದೇ ಮಾತನ್ನು ಮರಳಿ ನುಡಿದು "ಸರಿ" ಎನ್ನಬೇಕು. ಆ "ಸರಿ" ಬರುವ ತನಕ ಯಾರೂ ಮುಂದಕ್ಕೆ ಹೋಗುವಂತಿಲ್ಲ.

"ಕೆಂಪು" ಎಂದ ಝಹೀರ್.

"ಕೆಂಪು, ಸರಿ" ಎಂದಳು.

ಅಣವೀರಪ್ಪ ಗುಂಡಿ ಒತ್ತಿದರು. ಪ್ಯಾನಲ್ಲಿನಲ್ಲಿ ಹಳದಿ ಹೊತ್ತಿತು.

"ಹಳದಿ."

ಉತ್ತರ ಗುಂಡಿಯ ಸದ್ದಿನ ಬೆನ್ನಿಗೇ ಬಂತು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ದೀಪ ನೋಡುವವರು ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ಒಂದು ಉಸಿರು ತಡೆದು ಹೇಳುತ್ತಾರೆ. ಅವನು ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಅವನು ಜಾಗ ನೋಡಿ ಹೇಳಿದ್ದ. ಅದನ್ನು ಹೇಳಿಕೊಟ್ಟವಳು ತಾನೇ. ಆದರೆ ಇವತ್ತು ದೀಪಗಳನ್ನು ಆಯಾ ಜಾಗದಲ್ಲಿ ಕೂಡಿಸಿದವರು ಯಾರು?

ಅವಳ ಬಾಯಿಗೆ ಬಂದ "ಸರಿ" ಅಲ್ಲೇ ನಿಂತಿತು.

"ಹಳದಿ" ಎಂದ ಝಹೀರ್ ಮತ್ತೊಮ್ಮೆ. "ಮಲ್ಲಿಕಾ, ಕೇಳ್ಸಲತ್ತೇನ?"

ಕೇಳುತ್ತಿತ್ತು. ಫೋನಿನ ಆ ತುದಿಯಲ್ಲಿ ಗಾಳಿ, ಅದರ ಹಿಂದೆ ಭಾಗಪ್ಪನ ಕೆಮ್ಮು.

"ಬಾಯಾಗ ಬಾಳಿಹಣ್ಣ ಇಟ್ಟಗೊಂಡಿಯೇನ ತಂಗಿ?" ಎಂದರು ಅಣವೀರಪ್ಪ. "ಸರಿ ಅನ್ನು. ಬೀದರ್ ಗಾಡಿ ಹಿಂದಿನ ಸ್ಟೇಷನ್ನಿನ್ಯಾಗ ನಿಂತದ. ಕಂಟ್ರೋಲಿನವರು ನನ್ನ ತಲಿ ತಿನ್ಲಕತ್ತಾರ."

"ಸರ್, ನಾ ಒಮ್ಮಿ ಹೋಗಿ ನೋಡಿ ಬರ್ತೀನ್ರಿ."

"ಯಾಕ? ಆತಗ ಕಣ್ಣಿಲ್ಲೇನ?"

ಅವಳು ಫೋನು ಇಟ್ಟು ಬಾಗಿಲ ಕಡೆ ತಿರುಗಿದಳು. ಅವರ ಮುಖದ ನಗೆ ನಿಧಾನವಾಗಿ ಇಳಿಯಿತು. "ಹೋಗು" ಎಂದರು.

ಹಳಿಯ ಪಕ್ಕದ ಜಲ್ಲಿಯ ಮೇಲೆ ನಡೆಯುವಾಗ, ಹಳದಿಯೇ ಇರಲಿ ಎಂದು ಅವಳು ಬೇಡಿಕೊಂಡಳು. ಸಿಗ್ನಲ್ಲಿನ ಬೆನ್ನು ಮಾತ್ರ ಅವಳ ಕಡೆಗಿತ್ತು. ಕಂಬದ ಹಿಂದಿನ ತುಸು ನೆರಳಿನಲ್ಲಿ ಭಾಗಪ್ಪ ತಂಬಾಕು ತಿಕ್ಕುತ್ತ ಕೂತಿದ್ದ. ಝಹೀರ್ ಆಚೆ, ಕಂಬದ ಮುಂದೆ, ಫೋನು ಹಿಡಿದು ನಿಂತಿದ್ದ. ಅವಳು ದಾಟಿ ಹೋಗಿ ಅವನ ಪಕ್ಕ ನಿಂತು ತಿರುಗಿ ನೋಡಿದಳು.

ನಡುವಿನ ಜಾಗದಲ್ಲಿ ಹಸಿರು ಉರಿಯುತ್ತಿತ್ತು. ಸ್ವಚ್ಛವಾಗಿ ಒರೆಸಿದ, ತಿಳಿಯಾದ ಹಸಿರು. ನಿಲ್ಲಲು ಸಿದ್ಧನಾಗಿ ನಿಧಾನ ಬಾ ಎಂದು ಹೇಳಬೇಕಾದ ಕಡೆ, ತಡೆಯಿಲ್ಲ, ಹೋಗು ಎನ್ನುತ್ತಿತ್ತು.

ಝಹೀರ್ ದೀಪವನ್ನು ನೋಡಲಿಲ್ಲ. ಅವಳ ಮುಖ ನೋಡಿದ.

"ಯಾವ್ದದ?"

ಅವಳು ಹೇಳಿದಳು.

ಅವನು ಜಲ್ಲಿಯ ಮೇಲೆ ಕುಳಿತ. "ಹೊತ್ತಿಸಿ ನೋಡೇ ಕೂಡಿಸ್ದೆ" ಎಂದ. "ಎರಡೂ ಕೈಯಾಗ ಹಿಡಕೊಂಡು ಭಾಳ ಹೊತ್ತು ನೋಡ್ದೆ. ಒಂದು ಜರಾ ಜಾಸ್ತಿ ಬೆಳ್ಳಗ ಅನಿಸ್ತು. ಅದೇ ಹಳದಿ ಇರಬೇಕಂದೆ."

"ಭಾಗಪ್ಪಗ ಕೇಳಬೇಕಿಲ್ಲ?"

"ಏನಂತ ಕೇಳ್ಲಿ? ಇದು ಯಾವ ಬಣ್ಣ ಅಂತಾ?"

ಮಾತು ಕೇಳಿ ಭಾಗಪ್ಪ ಎದ್ದು ಮುಂದೆ ಬಂದ, ಮೇಲೆ ನೋಡಿದ, ಎಲ್ಲವೂ ತಿಳಿಯಿತು ಎಂಬಂತೆ ತಂಬಾಕು ಉಗುಳಿದ. "ಅದಲು ಬದಲು ಆಗ್ಯಾವ, ಅಷ್ಟೇ. ಇಳಿಸಿ ಏರಿಸಿದ್ರ ಮುಗೀತು. ನಾ ಏನ್ ಯಾರಿಗಿ ಹೇಳ್ತೀನೇನ್ರಿ ಸಾಹೇಬ್ರ? ಮೇಡಮ್ಮೋರು ಏಣಿ ಹತ್ತಲಿ, ನೀವು ಫೋನಿನ್ಯಾಗ ಹೂಂ ಅನ್ರಿ."

ಮಲ್ಲಿಕಾ ಕೂಡ ಅದನ್ನೇ ಯೋಚಿಸಿದ್ದಳು. ನಡೆದು ಬರುವಾಗಲೇ ಯೋಚಿಸಿದ್ದಳು. ಸ್ವಲ್ಪ ಹೊತ್ತಿನ ಕೆಲಸ. ಅವನಿಗೆ ಪತ್ರ ಸಿಗುತ್ತದೆ. ನಾಳೆ ಅವನು ಬೇರೆ ಯಾವುದೋ ಕಂಬದ ಮೇಲೆ, ಕೆಳಗೆ ಅವಳಿಲ್ಲದೆ, ಎರಡು ಬೆಳಕುಗಳನ್ನು ಕೈಯಲ್ಲಿ ಹಿಡಿದು ಯಾವುದು ಹೆಚ್ಚು ಬಿಳಿ ಎಂದು ನೋಡುತ್ತಿರುತ್ತಾನೆ. ಇದನ್ನು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವನೇ ಅಣವೀರಪ್ಪನವರಿಗೆ ಹೇಳಲಿ ಎಂದು ಕಾದಳು. ಹಾಗೆ ಕಾಯುವುದು ಎಷ್ಟು ಕ್ರೂರವೆಂದು ಅವಳಿಗೆ ಗೊತ್ತಿತ್ತು.

ಫೋನು ಬಡಿಯಿತು. ಪರದೆಯ ಮೇಲೆ ಅಣವೀರಪ್ಪನವರ ಹೆಸರು. ಝಹೀರ್ ಅದನ್ನು ಅವಳ ಕಡೆ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ.

ಬಹಳ ಹೊತ್ತು ಬಡಿದ ಮೇಲೆ ಅವನು ಕಿವಿಗೆ ಹಚ್ಚಿದ.

"ಸರ್, ಹಸಿರು ಅದ ಅಂತ್ರಿ" ಎಂದ. ಆಮೇಲೆ, "ಮಲ್ಲಿಕಾ ಅಂದಳ್ರಿ. ನನಗ ಕಾಣ್ಸಲ್ರಿ."

ಅಣವೀರಪ್ಪ ಬಿಸಿಲಿನಲ್ಲಿ ತಲೆಗೆ ಟವೆಲ್ಲು ಹಾಕಿಕೊಂಡು ನಡೆದು ಬಂದರು. ಬಯ್ಯಲಿಲ್ಲ. ದೀಪ ನೋಡಿದರು, ಏಣಿ ನೋಡಿದರು.

"ಎಷ್ಟ ದಿವಸಾತು?"

"ಟಿಬಿ ಆಗಿತ್ರಿ. ಆ ಗುಳಿಗಿ ಬಿಡೂಕಿಂತ ಮೊದಲಿಂದ್ರಿ."

"ಮೊದಲೇ ಹೇಳಿದ್ರ ಬ್ಯಾನಿ ರಜಾ ಕೊಡಿಸ್ತಿದ್ದೆನಲ್ಲೋ. ಬ್ಯಾಚು ಹೋಗ್ತಿತ್ತು, ನೌಕರಿ ಉಳೀತಿತ್ತು." ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದರು. "ಈಗ ರೈಲ್ವೆ ದವಾಖಾನಿಗಿ ಕಳಸ್ಬೇಕು. ಕಾಯಂ ಆದವ್ರಿಗಾದ್ರ ಬ್ಯಾರೆ ಕುರ್ಚಿ ಹುಡುಕಿ ಕೊಡ್ತಾರ. ತರಬೇತಿಯಾಗ ಇದ್ದವ್ರಿಗಿ ಏನ್ ಮಾಡ್ತಾರೋ, ನನಗ ಗೊತ್ತಿಲ್ಲಪಾ." ಆಮೇಲೆ ಮಲ್ಲಿಕಾಳ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನವಾ?"

"ಇಲ್ರಿ ಸರ್" ಎಂದ ಝಹೀರ್. "ಆಕಿಗೇನೂ ಗೊತ್ತಿಲ್ಲ."

ಅವರು ಅವಳನ್ನೇ ನೋಡುತ್ತಿದ್ದರು. ಬಿಡಿಸಿ ಕೊಟ್ಟ ತಂತಿಗಳೆಲ್ಲ ಆ ನೋಟದಲ್ಲಿದ್ದವು. ಅವಳು ಬಾಯಿ ತೆರೆದಳು. ಸ್ವಂತ ಸೆಕ್ಷನ್ ಅವಳಿಗೂ ಬೇಕಿತ್ತು. ಬಾಯಿ ಮುಚ್ಚಿಕೊಂಡಳು.

"ಆತು" ಎಂದರು ಅಣವೀರಪ್ಪ. "ಏಣಿ ಹತ್ತು. ಗಾಡಿ ನಿಂತದ. ನಿಂದೂ ಪರೀಕ್ಷಾ ಇಲ್ಲೇ ಮುಗೀತದ."

ಅವಳು ಹತ್ತಿದಳು. ತಟ್ಟೆಗಳು ಬಿಸಿಲಿಗೆ ಕಾದಿದ್ದವು. ಮೇಲಿನದನ್ನು ನಡುವೆ, ನಡುವಿನದನ್ನು ಮೇಲೆ ಕೂಡಿಸಿ ಬೋಲ್ಟು ಬಿಗಿದು ಇಳಿದಳು. ಅಷ್ಟರಲ್ಲಿ ಅಣವೀರಪ್ಪ ಪ್ಯಾನಲ್ಲಿಗೆ ಮರಳಿದ್ದರು. ಕಂಬದ ಮುಂದೆ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ಉಸಿರು ತಡೆದು ನೋಡಿದಳು.

"ಹಳದಿ."

"ಹಳದಿ, ಸರಿ."

"ಹಸಿರು."

"ಹಸಿರು, ಸರಿ."

ಫೋನು ಇಟ್ಟು ತಿರುಗಿದಾಗ ಝಹೀರ್ ಅಲ್ಲಿರಲಿಲ್ಲ. ಸ್ಟೇಷನ್ನಿನ ಕಡೆ ಹಳಿಯ ಪಕ್ಕದಲ್ಲಿ ಆಗಲೇ ದೂರ ಹೋಗಿದ್ದ. ಅವಳು ಕೂಗಲಿಲ್ಲ. ಕೂಗಿದ್ದರೆ ಕೇಳಿಸುವಷ್ಟೇ ದೂರವಿತ್ತು.