ಜೂನ್ ಒಂದು

ಫ್ಯಾನಿನ ಗಾಳಿಗೆ ಅರ್ಜಿಯ ಹಾಳೆ ಎದ್ದು ಎದ್ದು ಬೀಳುತ್ತಿದೆ, ಜನ್ಮದಿನಾಂಕದ ಕಡೆ ಒಂದು, ಆರು, ತೊಂಬತ್ತೆರಡು, ನಾನೇ ಬರೆದ ದಾಖಲಾತಿ ಪುಸ್ತಕದಿಂದ ಇಳಿಸಿಕೊಂಡದ್ದು — ಸರ್, ವಸತಿ ಶಾಲೆಯವರು ತೊಂಬತ್ತೆರಡರ ಜುಲೈ ಒಂದರಿಂದ ಈಚೆಗೆ ಹುಟ್ಟಿದವರನ್ನಷ್ಟೇ ಸೇರಿಸ್ಕೊಳ್ಳೋದಂತೆ, ಕಾವ್ಯಶ್ರೀ ಪರೀಕ್ಷೆ ಪಾಸಾದ್ರೂ ಒಂದು ತಿಂಗಳಿಗೆ ಸೀಟು ಹೋಗುತ್ತೆ, ಇವತ್ತೇ ಕೊನೇ ದಿನ, ಅಂತ ರೂಪಶ್ರೀ ಮೇಡಂ, ಹೋದ ವರ್ಷ ಕೆಲಸಕ್ಕೆ ಸೇರಿದವರು, ಹುಣಸೂರಿಗೆ ಫೋನ್ ಮಾಡಿ ಬಂದು ಹೇಳುತ್ತಿದ್ದಾರೆ, ಪುಸ್ತಕದ ಪುಟ ಮಗುಚುತ್ತ, ಇದೇನ್ಸಾರ್, ಈ ಊರಲ್ಲಿ ಎಲ್ಲರೂ ಜೂನ್ ಒಂದಕ್ಕೇ ಹುಟ್ಟಿದಾರಲ್ಲ, ನೀವೂನಾ — ನಾನೂ ಹೌದು, ನಮ್ಮ ಮೇಷ್ಟ್ರೂ ಅದನ್ನೇ ಬರೆದರು, ಶಾಲೆ ತೆರೆದ ದಿನವೇ ನಮ್ಮ ಹುಟ್ಟು, ಅಷ್ಟಕ್ಕೂ ನಾನು ನೋಡುತ್ತಿದ್ದದ್ದು ತಾರೀಖನ್ನಲ್ಲ, ಕೈಯನ್ನು, ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟು ಮಗ, ಮುಟ್ಟಿದರೆ ಒಂದನೇ ಕ್ಲಾಸು, ಈ ಕಾವ್ಯಶ್ರೀಯ ಕೈ ಅಂದು ಮುಟ್ಟಿರಲಿಲ್ಲ, ಒಂದು ಬೆರಳು ಕಡಿಮೆ, ತುದಿಗಾಲಲ್ಲಿ ನಿಂತಿದ್ದಳು, ಎತ್ತರ ನಿಂತರೆ ಕಿವಿ ಹತ್ತಿರ ಬರುತ್ತದೆ ಅನ್ನುವಂತೆ, ನನಗೆ ನಗು ಬಂತು, ಇರಲಿ ಅಂತ ಬರೆದುಬಿಟ್ಟೆ. ಹಾಗಾದರೆ ನಿಜವಾಗಿ ಹುಟ್ಟಿದ್ದು ಯಾವತ್ತು, ಐದು ವರ್ಷದಲ್ಲಿ ಒಮ್ಮೆಯೂ ನನಗೆ ಬಾರದ ಪ್ರಶ್ನೆ ಈಗ ಬಾಯಿಗೆ ಬಂದಿದೆ, ಹೊಸ್ತಿಲಲ್ಲಿ ಕೂತ ಅವಳ ಅಜ್ಜಿ ಮರಮ್ಮ ಉಗುರಿನ ಮಣ್ಣು ಬಿಡಿಸುತ್ತ, ಅದ್ಯಾಕ್ ಗೊತ್ತಿರಾಕಿಲ್ಲ ಕಂಠಪ್ಪ ಮೇಷ್ಟ್ರೇ, ಬ್ಯಾರನ್ ಗೂಡಲ್ಲಿ ಎರಡ್ನೇ ಸಲದ ಹೊಗೆಸೊಪ್ಪು ಬೇಯ್ತಿತ್ತು, ಗೌರಿ ಅಬ್ಬ ಕಳ್ದು ಮೂರ್ನೇ ದಿನ, ಅತ್ಲಾಗೆ ಒಲೆ ಇತ್ಲಾಗೆ ಸೊಸೆ, ನಾನೊಬ್ಳೇ ಓಡಾಡ್ದೆ ಕಣ್ರೀ — ಮತ್ತೆ ಸೇರಿಸುವಾಗ ಹೇಳಬಾರದಿತ್ತೇ — ಹೇಳಕ್ಕೇ ಬಂದೆ, ನಾ ಬಾಯ್ ಬುಡೋಕ್ ಮುಂಚೆ ನೀವು ಬರ್ಕೊಂಡ್ಬುಟ್ರಿ, ದೊಡ್ಡೋರು, ಬುಡು ಅಂತ ಸುಮ್ಕಾದೆ. ರೂಪಶ್ರೀ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ, ಅಜ್ಜಿ, ಆಗ ಯಾರಾದ್ರೂ ಬರ್ಕೊಂಡಿದ್ರಾ, ಅಂಗನ್ವಾಡಿಯೋರು ಕೂಸು ತೂಗ್ದಾಗ ಬರ್ಕೊಂಡ್ರು ಕಣವ್ವ, ಮೇಡಂ ಎದ್ದು ಹೋದದ್ದೂ ಬಂದದ್ದೂ ಕಾಣಲಿಲ್ಲ, ಅಂಗನವಾಡಿ ಇರುವುದು ಪಕ್ಕದ ಕೋಣೆಯಲ್ಲಿ, ಹತ್ತು ಹೆಜ್ಜೆ, ನಾನು ಇಡದ ಹೆಜ್ಜೆ, ಗೆದ್ದಲು ತಿಂದ ತೂಕದ ಪುಸ್ತಕದಲ್ಲಿ ನೇರಳೆ ಶಾಯಿ, ಹುಟ್ಟಿದ್ದು ಸೆಪ್ಟೆಂಬರ್ ಎರಡು, ಮುದುಕಿ ಬ್ಯಾರನ್ನು, ಹಬ್ಬ ಎಣಿಸಿ ಹೇಳಿದ್ದಕ್ಕೂ ಸರಿಹೊಂದುತ್ತಿದೆ, ಇದರ ಜೊತೆಗೆ ನಿಮ್ಮದೊಂದು ಪತ್ರ ಬೇಕಂತೆ ಸರ್, ಆಗ ಬರೆದದ್ದು ಅಂದಾಜಿಗೆ ಅಂತ, ಹನ್ನೊಂದರ ಬಸ್ಸಿಗೆ ನಾನೇ ತಗೊಂಡೋಗ್ತೀನಿ — ತಪ್ಪು ನನ್ನದು ಅಂತ ಮೂವತ್ತು ವರ್ಷದಲ್ಲಿ ಒಂದು ಹಾಳೆಯಲ್ಲೂ ಬರೆದವನಲ್ಲ, ಬರೆಯುತ್ತಿದ್ದೇನೆ, ಕೆಳಗೆ ಸಹಿ, ಸೀಲು, ಮೇಡಂ ಹಾಳೆ ಮಡಿಸುತ್ತ, ಆದ್ರೂ ಸರ್, ಯಾವುದ್ರ ಮೇಲೆ ಅಂದಾಜು ಮಾಡಿದ್ರಿ, ಅನ್ನುವಷ್ಟರಲ್ಲಿ ಬಾಗಿಲಲ್ಲಿದ್ದ ಹುಡುಗಿ, ಯಾರೂ ಹೇಳದೆ, ಹಿಂಗೆ ಮಿಸ್, ಅಂತ ಕೈ ಎತ್ತಿ ತಲೆಯ ಮೇಲಿಂದ ಹಾಯಿಸಿದ್ದಾಳೆ, ಈಗ ಕಿವಿ ದಾಟಿ ಕೆನ್ನೆಯವರೆಗೂ ಬಂದಿವೆ ಬೆರಳು, ಆದರೂ ನನಗೆ ಕಾಣುತ್ತಿರುವುದು ಅದಲ್ಲ, ಅವತ್ತಿನ ತುದಿಗಾಲು, ಬಿಗಿದ ತುಟಿ, ಕಿವಿಗೆ ಒಂದು ಬೆರಳು ಕಡಿಮೆ, ಒಂದು ಬೆರಳು —