ಒಂದಂಗುಲದ ಮಾಸ್ಟರು

ಸೆಲ್ವರಾಜ್ ಮಾಸ್ಟರು ಯಾರ ಮುಂದೆಯೂ ನೇರವಾಗಿ ನಿಂತವರಲ್ಲ. ಎದುರಾಳಿಗೆ ಎದೆ ತೋರಿಸಿದರೆ ಅಂಕ ಹೋಗುತ್ತದೆಂಬ ಭಯ ಮೂವತ್ತು ವರ್ಷಗಳ ಕರಾಟೆಯಲ್ಲಿ ಮೈಗೆ ಹತ್ತಿಬಿಟ್ಟಿದ್ದು, ಹಾಲಿನ ಅಂಗಡಿಯಲ್ಲೂ ಅವರು ಓರೆಯಾಗಿ, ಹಿಮ್ಮಡಿ ಎತ್ತಿ, ಈಗಲೋ ಆಗಲೋ ಜಿಗಿಯುವವರಂತೆ ನಿಂತು ಅರ್ಧ ಲೀಟರ್ ಕೇಳುತ್ತಾರೆ. ಉರಿಗಾಮಿನ ಚಿನ್ನದ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳ ಹಿಂದಿನ ತಗಡಿನ ಶೆಡ್ಡೇ ಅವರ ಗುರುಕುಲ. ಮೊಣಕೈ ಸವೆದ ಬಿಳಿ ಅಂಗಿ, ಮಾತಿಗೊಮ್ಮೆ 'ಕಂಟ್ರೋಲು'. ಗುದ್ದು ಎದುರಾಳಿಯ ಮೂಗಿಗೆ ಒಂದಂಗುಲ ಇರುವಾಗ ನಿಲ್ಲಬೇಕು, ತಾಗಿದರೆ ಫೌಲು ಎಂಬುದೇ ಅವರ ವೇದ. ಅದನ್ನು ಕೇಳಿ ಕೇಳಿ ನನ್ನ ತಲೆ ಚಿಟ್ಟುಹಿಡಿದಿದೆ.

ನನ್ನ ತಂಗಿ ರಾಧಾಮಣಿಯ ಮಗಳು ತ್ರಿವೇಣಿ ಇವರಲ್ಲಿ ಆರು ವರ್ಷ ಕಲಿತು ಪದಕಗಳನ್ನು ತಂದವಳು. ಬಂಗಾರಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ದಿನವೂ ಮಾರಿಕುಪ್ಪಂ ರೈಲಿನಲ್ಲಿ ಓಡಾಟ. ಹೋದ ತಿಂಗಳು ನೂಕುನುಗ್ಗಲಿನಲ್ಲಿ ಒಬ್ಬ ಅವಳ ಸೊಂಟಕ್ಕೆ ಕೈ ಹಾಕಿದ. ಇವಳು ಸರ್ರನೆ ತಿರುಗಿ ಗುದ್ದಿದಳು. ಮುಷ್ಟಿ ಅವನ ಮೂಗಿಗೆ ಒಂದಂಗುಲ ಇರುವಾಗ ತಾನಾಗಿಯೇ ನಿಂತಿತು. ಅವನು ನಕ್ಕು ಆ ಮುಷ್ಟಿಯನ್ನೇ ಹಿಡಿದುಕೊಂಡ. ಹೂ ಮಾರುವ ಮುನಿಶಾಮಮ್ಮ ಬುಟ್ಟಿ ಬೀಸಿ ಬಾರಿಸಿದ ಮೇಲೆಯೇ ಬಿಟ್ಟದ್ದು. "ಕೆಲ್ಸಾನೂ ಬ್ಯಾಡ, ರೈಲೂ ಬ್ಯಾಡ, ಮನೇಲಿರು" ಎಂದುಬಿಟ್ಟಳು ರಾಧಾಮಣಿ.

ತ್ರಿವೇಣಿಯನ್ನು ಕರೆದುಕೊಂಡು ಶೆಡ್ಡಿಗೆ ನುಗ್ಗಿದೆ. ಎಲ್ಲ ಕೇಳಿದ ಮಾಸ್ಟರ ಕಣ್ಣು ಅರಳಿತು.

"ಓಡೋ ರೈಲಲ್ಲಿ ಒಂದೇ ಅಂಗುಲಕ್ಕೆ ನಿಲ್ಸಿದ್ಲಾ? ಕಂಟ್ರೋಲ್ ಅಂದ್ರೆ ಇದು ಸಾರ್!"

ನನಗೆ ಮೈಯೆಲ್ಲ ಉರಿದುಹೋಯಿತು. "ರೈಲಲ್ಲಿ ಅಂಕ ಕೊಡೋಕೆ ಯಾರು ಕೂತಿದ್ರು ಮಾಸ್ಟ್ರೇ? ನಾಳೆಯಿಂದ ಇವಳಿಗೆ ಕೆಲಸ ಇಲ್ಲ. ನಿಮ್ಮ ಕಂಟ್ರೋಲಿಂದ ಸಿಕ್ಕಿದ್ದು ಇಷ್ಟೇ."

ಮಾಸ್ಟರು ತ್ರಿವೇಣಿಯ ಎದುರು ಬಂದು, "ಒಡಿಯಮ್ಮ" ಎಂದರು. ಹೊಡೆದಳು, ನಿಂತಿತು. ಹತ್ತು ಸಲ ಹೊಡೆದರೂ ಅದೇ ಹಾಳು ಅಂಗುಲ. "ಕೈ ಮುಂದಕ್ಕೆ ಓಗಲ್ಲ ಮಾಸ್ಟ್ರೇ" ಎಂದು ಹುಡುಗಿ ಅತ್ತೇಬಿಟ್ಟಳು. ಹನ್ನೊಂದನೆಯ ಗುದ್ದು ಬರುತ್ತಿದ್ದಂತೆ ಮಾಸ್ಟರು ತಾವೇ ಮುಖವನ್ನು ಮುಂದಕ್ಕೆ ಕೊಟ್ಟರು. ಮೂಗಿನಿಂದ ರಕ್ತ ಇಳಿಯಿತು. ತೋಳಿನಿಂದ ಒರೆಸಿಕೊಂಡು, "ಎಂಗಿರ್ತದೆ ಅಂತ ಗೊತ್ತಾಯ್ತಾ? ಇನ್ನೊಂದ್ ಕಿತ ಒಡಿ" ಎಂದರು. ಆ ಸಲ ಮುಷ್ಟಿ ನಿಲ್ಲಲಿಲ್ಲ.

ಮೂಗಿಗೆ ಹತ್ತಿ ತುರುಕಿಕೊಂಡ ಮಾಸ್ಟರೇ ಮನೆಬಾಗಿಲಿಗೆ ಬಂದು, ಹುಡುಗಿಯನ್ನು ಕೆಲಸಕ್ಕೆ ಕಳಿಸಿ ಎಂದು ನಿಂತಾಗ ರಾಧಾಮಣಿ ಬೇಡವೆನ್ನಲಾರದೆ ಹೋದಳು. ಸೋಮವಾರ ತ್ರಿವೇಣಿ ರೈಲು ಹತ್ತಿದಳು. ಮಾಸ್ಟರು ಮಾತ್ರ ಅಂದೇ ಸಂಜೆ ಚಿಕ್ಕ ಮಕ್ಕಳಿಗೆ ಅದೇ ಹಳೆಯ ಪಾಠ ಶುರುಮಾಡಿದ್ದರು. ಇಂಥ ಗುರುಗಳ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲೂ ಆಗದು. ಕಲಿಸಿದ್ದು ತಪ್ಪೆಂದು ಜನ್ಮದಲ್ಲಿ ಬಾಯಿಬಿಟ್ಟು ಹೇಳುವವರಲ್ಲ; ಆ ತಪ್ಪಿಗೆ ಬೀಳುವ ಏಟಿಗೆ ಮಾತ್ರ ತಾವೇ ಮುಖ ಒಡ್ಡುತ್ತಾರೆ.