ಏಣಿ ಕಲಿತ ಮಾತು

ಹಾಸಿಗೆಯ ಮೇಲುಹಾಸು ನೆಟ್ಟಗೆ ಮಡಚಬೇಕಾದರೆ ಇಬ್ಬರು ಬೇಕು. ಆ ಬೆಳಿಗ್ಗೆ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಅವಳು ಹಿಡಿದಳು. ಒಮ್ಮೆ ಕೊಡವಿದೆವು. ಅವಳು ಎತ್ತರ, ನಾನು ಗಿಡ್ಡ, ಹಾಗಾಗಿ ಬಟ್ಟೆ ಇಳಿಜಾರಾಗಿ ನಿಂತಿತು. ಅವಳು ಎಂದಿನಂತೆ ಮೊಣಕಾಲು ಬಗ್ಗಿಸಿ ನನ್ನ ಮಟ್ಟಕ್ಕೆ ಬಂದಳು. ಹತ್ತಿರ ಬಂದು ತನ್ನ ತುದಿಗಳನ್ನು ನನ್ನ ಕೈಗೆ ಕೊಟ್ಟಳು, ಕೆಳಗಿನ ಮಡಿಕೆ ಎತ್ತಿಕೊಂಡು ಮತ್ತೆ ಹಿಂದೆ ಸರಿದಳು. ಬಾಗಿಲ ಬಳಿ ಅವಳ ಪೆಟ್ಟಿಗೆ ನಿಂತಿತ್ತು.

ಆ ಹಾಸಿಗೆ ನನ್ನ ತಮ್ಮನದು. ಅಪ್ಪ ಊರಿನ ಸೇವಾ ಕ್ಲಬ್ಬಿನ ಸದಸ್ಯರು. ಆ ಕ್ಲಬ್ಬು ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಗೆ ವಿದ್ಯಾರ್ಥಿವೇತನ ಕೊಟ್ಟು ಹೊರದೇಶದ ಶಾಲೆಗೆ ಒಂದು ವರ್ಷದ ಮಟ್ಟಿಗೆ ಕಳಿಸುತ್ತದೆ. ಅದಕ್ಕೆ ಬದಲಾಗಿ ಅಲ್ಲಿಂದ ಒಬ್ಬರು ಇಲ್ಲಿಗೆ ಬರುತ್ತಾರೆ. ಈ ಸಲ ಹೋದವನು ತಮ್ಮ, ಬಂದವಳು ಇವಳು. ಬಂದವರು ವರ್ಷವಿಡೀ ಒಂದೇ ಮನೆಯಲ್ಲಿ ಇರುವಂತಿಲ್ಲ, ಮೂರು ಮನೆ ಸುತ್ತಬೇಕು ಎಂಬುದು ಕ್ಲಬ್ಬಿನ ನಿಯಮ. ನಾಲ್ಕು ಜನರ ಜೊತೆ ಬೆರೆಯಲಿ ಅಂತ. ನಮ್ಮ ಸರದಿ ಅಂದಿಗೆ ಮುಗಿದಿತ್ತು.

ಅವಳಿಗೆ ಏಣಿ ಅಂತ ಹೆಸರಿಟ್ಟಿದ್ದು ಅಮ್ಮ. ಬಂದ ವಾರವೇ ಅಟ್ಟದ ಮೇಲಿದ್ದ ದೊಡ್ಡ ಪಾತ್ರೆಯನ್ನು ಸ್ಟೂಲಿಲ್ಲದೆ ಇಳಿಸಿಕೊಟ್ಟಳು. ಅಮ್ಮನ ಸೊಂಟ ಬಿದ್ದು ವರ್ಷಗಳಾಗಿವೆ, ಮಂಚದಿಂದಲೇ ಮನೆ ನಡೆಸುತ್ತಾಳೆ. "ಇಷ್ಟು ದಿನಕ್ಕೆ ನಮ್ಮನೆಗೊಂದು ಏಣಿ ಬಂತು ನೋಡು," ಅಂದಳು. ಅರ್ಥ ತಿಳಿದ ಮೇಲೆ ಏಣಿಗೆ ತನ್ನ ನಿಜವಾದ ಹೆಸರಿಗಿಂತ ಅದೇ ಹಿಡಿಸಿತು.

ಅವಳ ಭಾಷೆ ನಮ್ಮ ಊರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಶಾಲೆಯ ಮಕ್ಕಳು ಅವಳನ್ನು ಎರಡು ವಾರ ಸುತ್ತುವರಿದು ಆಮೇಲೆ ತಮ್ಮ ಪಾಡಿಗೆ ತಾವಾದರು. ಹಾಗಾಗಿ ಅವಳಿಗೆ ಮಾತು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಇದು ಮನೆಯಲ್ಲಿ ದೊಡ್ಡ ತಮಾಷೆಯ ವಿಷಯವಾಯಿತು. ನಮ್ಮದು ಕನ್ನಡಕದ ಅಂಗಡಿ. ಮುಂದೆ ಗಲ್ಲಾದಲ್ಲಿ ಅಪ್ಪ, ಹಿಂದಿನ ಕೋಣೆಯಲ್ಲಿ ನಾನು. ಚಕ್ರಕ್ಕೆ ಗ್ಲಾಸು ಹಿಡಿದು, ಫ್ರೇಮಿಗೆ ಕೂರುವ ಹಾಗೆ ಅಂಚು ಉಜ್ಜುವುದು ನನ್ನ ಕೆಲಸ. "ಇವಳ ಮಾತು ಕೇಳಿಸಬೇಕಾದ್ರೆ ಚಕ್ರ ನಿಲ್ಲಿಸಬೇಕು. ಇವಳು ಮೇಷ್ಟ್ರಾದ್ರೆ ಕಲಿತ ಹಾಗೇ," ಅಂತ ಅಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದರು.

ಶಾಲೆ ಬಿಟ್ಟ ಮೇಲೆ ಏಣಿ ಹಿಂದಿನ ಕೋಣೆಗೆ ಬಂದು, ತಮ್ಮ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಕಾಲು ಇಡಲು ಜಾಗ ಸಾಲದೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಚಕ್ರದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನಾನು ಒಂದೊಂದೇ ವಸ್ತು ತೋರಿಸಿ ಹೆಸರು ಹೇಳುತ್ತಿದ್ದೆ. ಹೆಸರುಗಳು ಮುಗಿದ ಮೇಲೆ ಮನೆಯಲ್ಲಿ ಆಡುವ ಮಾತು ಶುರುವಾಯಿತು. ನಾನು ಆಡುವ ಮಾತು ಎಷ್ಟಿದೆಯೋ ಅಷ್ಟನ್ನೂ ಅವಳು ಕಲಿತಳು. ಬೇಡ, ಸಾಕು. ನನಗೆ ಹಸಿವಿಲ್ಲ, ನೀವು ತಿನ್ನಿ. ಪರವಾಗಿಲ್ಲ, ನಾನು ಆಮೇಲೆ ಮಾಡ್ತೀನಿ. ನನ್ನದೇನಿಲ್ಲ, ನಿಮಗೆ ಹೇಗೆ ಅನುಕೂಲವೋ ಹಾಗೆ. ನನ್ನ ಹಾಗೇ ಮೆಲ್ಲಗೆ, ಕೊನೆಯ ಅಕ್ಷರ ಅರ್ಧ ನುಂಗಿ ಹೇಳುತ್ತಿದ್ದಳು. ಅಮ್ಮ ಮಂಚದಿಂದ ಕೂಗಿದಾಗ ಒಳಗಿನಿಂದ ಓಗೊಟ್ಟವರು ಯಾರೆಂದು ಅಮ್ಮನಿಗೇ ತಿಳಿಯುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬೇಡ ಎಂಬ ಮಾತಿಗೆ ಬೆಲೆಯಿಲ್ಲ. ಅಮ್ಮ ಎರಡನೇ ಸಲ ಕೇಳುತ್ತಾಳೆ. ಮೂರನೇ ಸಲ ಕೇಳದೆ "ಬಡಿಸು ಅವಳಿಗೆ, ಸಂಕೋಚ ಅವಳಿಗೆ," ಅನ್ನುತ್ತಾಳೆ. ಏಣಿ ಬೇಡ ಅನ್ನುತ್ತಲೇ ತಟ್ಟೆ ಮುಂದೆ ಸರಿಸುವುದನ್ನೂ ಕಲಿತಿದ್ದಳು. ಅವಳು ತಟ್ಟೆ ಸರಿಸಿದಾಗಲೆಲ್ಲ ಅಪ್ಪನಿಗೆ ನಗು.

ಎರಡನೇ ಮನೆ ಕ್ಲಬ್ಬಿನ ಅಧ್ಯಕ್ಷರದು. ಅವರದು ಕುರ್ಚಿ, ಮೇಜು ಮಾರುವ ದೊಡ್ಡ ಅಂಗಡಿ. ಅವರೇ ಕಾರು ತಂದರು. ಪೆಟ್ಟಿಗೆ ಹಿಂದಕ್ಕೆ ಹೋಯಿತು, ಏಣಿ ತಲೆ ಬಗ್ಗಿಸಿ ಮುಂದೆ ಕೂತಳು. "ಬರ್ತೀನಿ ಅಕ್ಕ," ಅಂದಳು. ಕಾರಿನ ಸದ್ದಿಗೆ ಅದು ಯಾರಿಗೂ ಕೇಳಿಸಲಿಲ್ಲ. ನಾನು ತುಟಿ ನೋಡಿ ತಿಳಿದುಕೊಂಡೆ.

ಹೊಸ ಮನೆಗೆ ಒಗ್ಗುವ ತನಕ ಹಳೇ ಮನೆಯವರು ಹೋಗಿ ಬಂದು ಮಾಡಬಾರದು ಅಂತ ಕ್ಲಬ್ಬಿನವರು ಹೇಳಿದ್ದರು. ಅಪ್ಪ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ನಾನು ಅಂಗಡಿಯಲ್ಲಿ ಚಕ್ರ ಹಾಕಿ ಕೂರುತ್ತಿದ್ದೆ. ಶಾಲೆ ಬಿಡುವ ಹೊತ್ತಿಗೆ ಕತ್ತು ತಾನಾಗಿ ಬಾಗಿಲ ಕಡೆ ತಿರುಗುತ್ತಿತ್ತು. ಒಂದು ದಿನ ಸ್ಟೂಲಿನ ಮೇಲೆ ಫ್ರೇಮಿನ ಡಬ್ಬಗಳನ್ನು ಪೇರಿಸಿಟ್ಟೆ, ಖಾಲಿ ಕಾಣದಿರಲಿ ಅಂತ. ಸಂಜೆ ಮತ್ತೆ ಇಳಿಸಿದೆ. ಮೇಲುಹಾಸನ್ನು ಒಬ್ಬಳೇ ಮಡಚುವುದು ನನಗೆ ಹೊಸದೇನಲ್ಲ, ಒಂದು ತುದಿಯನ್ನು ಗಲ್ಲದ ಕೆಳಗೆ ಹಿಡಿದರೆ ಆಯಿತು. ಆದರೂ ಮೂಲೆಗೆ ಮೂಲೆ ಸೇರುತ್ತಿರಲಿಲ್ಲ. ತಮ್ಮ ಫೋನಿನಲ್ಲಿ ಹೊಸ ಗೆಳೆಯರ ಬಗ್ಗೆ, ತಾನು ಸೇರಿದ ಆಟದ ತಂಡದ ಬಗ್ಗೆ ಒಂದೇ ಉಸಿರಿಗೆ ಹೇಳುತ್ತಿದ್ದ. ಕೊನೆಗೆ "ನೀನು ಹೇಗಿದ್ದೀಯೇ?" ಅನ್ನುತ್ತಿದ್ದ. ನಾನು ಚೆನ್ನಾಗಿದ್ದೀನಿ ಅನ್ನುತ್ತಿದ್ದೆ. ಅವನು ಇಟ್ಟುಬಿಡುತ್ತಿದ್ದ.

ಆಮೇಲೆ ಒಂದು ದಿನ ಅಧ್ಯಕ್ಷರ ಹೆಂಡತಿ ಅಮ್ಮನಿಗೆ ಫೋನು ಮಾಡಿದರು. ಹುಡುಗಿ ಸರಿಯಾಗಿ ತಿನ್ನುತ್ತಿಲ್ಲ, ಕೇಳಿದರೆ ಹಸಿವಿಲ್ಲ ಅನ್ನುತ್ತಾಳೆ ಅಂದರು. ಎಲ್ಲರೂ ಸುತ್ತಾಡಲು ಹೊರಟರೆ ನೀವು ಹೋಗಿ ಬನ್ನಿ ಅನ್ನುತ್ತಾಳಂತೆ, ಕೋಣೆ ಬಿಟ್ಟು ಬರುವುದಿಲ್ಲವಂತೆ. ಅವರು ಕೆಟ್ಟವರಲ್ಲ. ಅವರ ಮನೆಯಲ್ಲಿ ಐದಾರು ಜನ, ಎಲ್ಲರೂ ಗಟ್ಟಿ ಗಂಟಲಿನವರು. ಬೇಕಾದ್ದನ್ನು ತಾವೇ ತೆಗೆದುಕೊಂಡು ತಿಂದು ಓಡುವವರು. ಅಲ್ಲಿ ಬೇಡ ಅಂದರೆ ಬೇಡ ಅಂತಲೇ ಅರ್ಥ. ಅವಳಿಗೆ ಊರಿನ ಚಿಂತೆ ಹತ್ತಿರಬೇಕು ಅಂತ ಆ ತಾಯಿಗೆ ಅನ್ನಿಸಿತ್ತು. ಅಮ್ಮ ಫೋನಿಟ್ಟು, ಪಾಪ, ನಮ್ಮಲ್ಲಿ ಚೆನ್ನಾಗಿ ತಿನ್ನುತ್ತಿದ್ದಳು ಅಂತ ಅಂದುಕೊಂಡಳು. ನನಗೆ ಏನೋ ಹೇಳಬೇಕೆನಿಸಿತು. ಅಷ್ಟರಲ್ಲಿ ಅಪ್ಪ ಕೆಳಗೆ ಅಂಗಡಿಯಿಂದ ಕರೆದರು.

ಮುಂದಿನ ಭಾನುವಾರ ಸಂಜೆ ಅಧ್ಯಕ್ಷರು, ಅವರ ಹೆಂಡತಿ, ಏಣಿ ಮೂವರೂ ನಮ್ಮ ಮನೆಗೆ ಬಂದರು. ಏಣಿಯ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಅಮ್ಮನನ್ನು ಮಂಚದಿಂದ ಎಬ್ಬಿಸಿ ಹೊರಗಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿದೆವು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಕ್ಲಬ್ಬಿನವರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದೇವೆ ಅಂದರು. ವರ್ಷ ಮುಗಿಯುವ ತನಕ ಮಗುವನ್ನು ಸುಮ್ಮನೆ ಗೋಳಾಡಿಸುವುದು ಬೇಡ, ಮುಂದಿನ ವಾರ ಊರಿಗೆ ಕಳಿಸಿಬಿಡೋಣ ಅಂತ. ಅಲ್ಲಿಯ ಕ್ಲಬ್ಬಿಗೂ ನಾಳೆ ತಿಳಿಸುತ್ತಾರಂತೆ.

"ಅವಳನ್ನ ಕೇಳಿದ್ರಾ?" ಅಂದಳು ಅಮ್ಮ.

"ಕೇಳದೆ ಇರ್ತೀವಾ?" ಅಂದರು ಅಧ್ಯಕ್ಷರು. "ನಾನೇ ಕೂರಿಸಿಕೊಂಡು ಕೇಳ್ದೆ, ಊರಿಗೆ ಹೋಗ್ತೀಯಾ ಮರಿ ಅಂತ. ಎಷ್ಟು ಒಳ್ಳೇ ಮಗು ಅಂತೀರಿ. ಪರವಾಗಿಲ್ಲ, ನನ್ನದೇನಿಲ್ಲ, ನಿಮಗೆ ಹೇಗೆ ಅನುಕೂಲವೋ ಹಾಗೆ ಅಂದ್ಲು. ನಮ್ಮ ಮಕ್ಕಳ ಬಾಯಲ್ಲಿ ಇಂಥ ಮಾತು ಬರುತ್ತಾ ಹೇಳಿ."

ನಾನು ಬಾಗಿಲಲ್ಲಿ ನಿಂತಿದ್ದೆ. ಆ ಮಾತು ನನಗೆ ಚೆನ್ನಾಗಿ ಗೊತ್ತು. ಅಮ್ಮನ ಸೊಂಟ ಬಿದ್ದ ವರ್ಷ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪ ನನ್ನನ್ನು ಕೇಳಿದ್ದರು, ಶಾಲೆ ಬಿಟ್ಟು ಇಲ್ಲಿ ಕೂರ್ತೀಯಾ ಮಗಳೇ ಅಂತ. ನಾನು ಇದೇ ಮಾತು ಹೇಳಿದ್ದೆ. ಅಪ್ಪ ನನ್ನ ತಲೆ ನೇವರಿಸಿ, ಜಾಣೆ ಅಂದು, ಚಕ್ರ ಹೇಗೆ ಹಾಕುವುದು ಅಂತ ತೋರಿಸಿಕೊಟ್ಟಿದ್ದರು.

ಚಹಾ ಮಾಡಲು ಒಳಗೆ ಹೋದೆ. ಏಣಿ ಹಿಂದೆಯೇ ಬಂದು, ಕೇಳುವ ಮೊದಲೇ ಮೇಲಿನ ಗೂಡಿನಿಂದ ಲೋಟಗಳನ್ನು ಇಳಿಸಿದಳು. ಅವಳ ಕಡೆ ನೋಡದೆ ಕೇಳಿದೆ.

"ನಿನಗೆ ಹೋಗಬೇಕಾ?"

"ಪರವಾಗಿಲ್ಲ ಅಕ್ಕ."

ಹಾಲು ಉಕ್ಕುವ ಹಾಗಿತ್ತು, ಉರಿ ಸಣ್ಣ ಮಾಡಿದೆ. ಮತ್ತೆ ಕೇಳಿದೆ.

"ನಿಜ ಹೇಳು. ಹೋಗಬೇಕಾ?"

ಅವಳು ಲೋಟದ ಅಂಚನ್ನು ಬೆರಳಲ್ಲಿ ಸುತ್ತುತ್ತಾ ನಿಂತಳು. ಆಮೇಲೆ ತಲೆ ಅಲ್ಲಾಡಿಸಿದಳು. "ಇಲ್ಲ. ನನಗೆ ಇಲ್ಲಿ ಇರಬೇಕು."

"ಮತ್ತೆ ಅವರಿಗೆ ಹಾಗಂತ ಹೇಳೋದಲ್ವಾ?"

"ಅವರಿಗೆ ಹೇಗೆ ಹೇಳೋದು ಅಕ್ಕ? ಅದನ್ನ ನೀನು ಹೇಳಿಕೊಡಲಿಲ್ಲ."

ಅವಳು ದೂರಲಿಲ್ಲ. ಅಂಗಡಿಯಲ್ಲಿ ಯಾವುದಾದರೂ ವಸ್ತುವಿನ ಹೆಸರು ಕೇಳುವಾಗ ಕೇಳುತ್ತಿದ್ದ ಹಾಗೇ ಕೇಳಿದಳು. ಹೇಳಿಕೊಡೋಣವೆಂದು ಬಾಯಿ ತೆರೆದೆ. ದೊಡ್ಡವರ ಎದುರು ಬೇಕು ಅಂತ ಹೇಗೆ ಹೇಳುತ್ತಾರೆ, ಮೊದಲು ಯಾವ ಮಾತು ಬರುತ್ತದೆ, ಕಣ್ಣು ಎಲ್ಲಿ ಇಡಬೇಕು, ನನಗೂ ಗೊತ್ತಿರಲಿಲ್ಲ.

ತಟ್ಟೆ ಹಿಡಿದು ಹೊರಗೆ ಬಂದೆ. ಏಣಿ ಬಂದು ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಅಧ್ಯಕ್ಷರು ಅಪ್ಪನ ಜೊತೆ ಬೀಳ್ಕೊಡುಗೆಯ ಮಾತಿಗೆ ಹೋಗಿದ್ದರು, ಎಲ್ಲರೂ ನಿಂತು ಒಂದು ಫೋಟೊ ತೆಗೆಸಬೇಕು ಅನ್ನುತ್ತಿದ್ದರು. ಒಬ್ಬೊಬ್ಬರಿಗೂ ಚಹಾ ಕೊಟ್ಟೆ. ಸಾಮಾನ್ಯವಾಗಿ ಅಷ್ಟಾದ ಮೇಲೆ ನಾನು ಒಳಗೆ ಹೋಗುತ್ತೇನೆ. ಅಂದು ಖಾಲಿ ತಟ್ಟೆ ಎದೆಗೆ ಒತ್ತಿಕೊಂಡು ಅಲ್ಲೇ ನಿಂತೆ.

"ಏನಮ್ಮಾ?" ಅಂದರು ಅಪ್ಪ. "ಬಿಸ್ಕತ್ತು ಇದ್ರೆ ತಗೊಂಡು ಬಾ."

"ಅವಳನ್ನ ಇನ್ನೊಂದು ಸಲ ಕೇಳಿ," ಅಂದೆ.

ನನ್ನ ದನಿ ತಟ್ಟೆಯ ಹಿಂದೆಯೇ ಉಳಿಯಿತೇನೋ. ಅಧ್ಯಕ್ಷರು ಚಹಾ ಊದುತ್ತಿದ್ದರು. ಅವರ ಹೆಂಡತಿ ಗೋಡೆಯ ಮೇಲಿನ ತಮ್ಮನ ಫೋಟೊ ನೋಡುತ್ತಾ, ಅವನು ಅಲ್ಲಿ ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾನಂತೆ ಅಂತ ಅಮ್ಮನಿಗೆ ಹೇಳುತ್ತಿದ್ದರು. ನಾನು ತಟ್ಟೆಯನ್ನು ಕೆಳಗಿಳಿಸಿದೆ. ಉಸಿರು ತೆಗೆದುಕೊಂಡು, ಚಕ್ರ ಓಡುತ್ತಿರುವಾಗಲೂ ಗಲ್ಲಾದ ತನಕ ಕೇಳಿಸುವಷ್ಟು ಜೋರಾಗಿ ಹೇಳಿದೆ.

ಅಧ್ಯಕ್ಷರ ಲೋಟ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಏಣಿ ತಲೆಯೆತ್ತಿದಳು. ಅಪ್ಪ ಅವಳ ಕಡೆ ನೋಡಲಿಲ್ಲ. ಗಿರಾಕಿ ವಾಪಸು ತಂದ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನನ್ನನ್ನೇ ನೋಡಿದರು. ನಾನು ಹೇಳಿದ್ದು ಇಷ್ಟೇ:

"ಪರವಾಗಿಲ್ಲ ಅಂದ್ರೂ ಇನ್ನೊಂದು ಸಲ ಕೇಳಿ."